ಗಂಧಕ ಅಂತ ನಂಬಿದ್ದ ಮೂವತ್ತೆರಡು

ಬೆಂಗಳೂರಿಂದ ಮಾಲೂರಿಗೆ ವಾಪಸ್ ಬರೋ ಸಂಜೆ ರೈಲಲ್ಲಿ ನನಗೆ ಜಾಗದ ತಾಪತ್ರಯ ಯಾವತ್ತೂ ಇರಲಿಲ್ಲ. ನಾನು ಹತ್ತಿದರೆ ಹೆಂಗಸರೇ ಸರಿದು ಕೂರೋರು. ಲ್ಯಾಬಿನಲ್ಲಿ ಗಂಧಕದ ಅನಿಲದ ಜೊತೆ ದಿನ ಕಳೆದವಳ ದುಪಟ್ಟಾ ಕೊಳೆತ ಈರುಳ್ಳಿ ಥರ ನಾರದೆ ಇನ್ನೇನು ಮಾಡುತ್ತೆ? ಎದುರು ಕೂತು ಅವರೆಕಾಯಿ ಸುಲಿಯೋ ಅಕ್ಕ, ಮುಳಬಾಗಿಲು ಕಡೆಯವರು, ಆಸ್ಪತ್ರೆಯೊಂದರಲ್ಲಿ ಆಯಾ, ಸೆರಗನ್ನ ಮೂಗಿಗೆ ಹಿಡಿದು, "ಏಮ್ಮಾ, ನಿನ್ನ ಯಾರು ಕಟ್ಕೊಳ್ತಾರೆ ಕಣೇ" ಅನ್ನೋರು.

ನನ್ನ ಕೆಲಸ ಇಷ್ಟೇ. ಮೂರು ಮಾಲಿಬ್ಡಿನಮ್, ನಾಲ್ಕು ಗಂಧಕದ ಪರಮಾಣು ಸೇರಿದ ಗುಂಪುಗಳನ್ನ ಗಾಳಿ ಸೋಕದ ಪೆಟ್ಟಿಗೆಯೊಳಗೆ ತಯಾರಿಸೋದು. ಆ ಹಸಿರು ದ್ರಾವಣವನ್ನ ಯಂತ್ರದ ನಿರ್ವಾತಕ್ಕೆ ಸಿಂಪಡಿಸಿ, ಸಿಲಿಂಡರಿನಿಂದ ಗಂಧಕದ ಅನಿಲ ಬಿಟ್ಟು, ಗುಂಪು ಏನನ್ನ ಕಿತ್ತುಕೊಂಡಿತು ಅಂತ ತೂಕ ನೋಡೋದು. ವಾಲ್ವ್ ಮುಚ್ಚಿದ್ದರೆ ಏನೂ ಇಲ್ಲ. ತೆರೆದರೆ ತೂಕ ಮೂವತ್ತೆರಡು ಹೆಚ್ಚು, ಸರಿಯಾಗಿ ಒಂದು ಗಂಧಕದಷ್ಟು. ನನ್ನ ಗೈಡ್ ಮೇಡಂ ಪೇಪರ್ ಬರೆದು ಮುಗಿಸಿದ್ದರು, ಕಳಿಸೋದೊಂದೇ ಬಾಕಿ. ಅದಿಲ್ಲದೆ ನನಗೆ ಡಾಕ್ಟರೇಟ್ ಇಲ್ಲ. ನಮ್ಮೂರು ತಾಯಲೂರಲ್ಲಿ ಅಮ್ಮ ಆಗಲೇ ಊರಿಗೆಲ್ಲ ಹೇಳಿಬಿಟ್ಟಿದ್ದಳು, ಮಗಳು ಸೂಜಿ ಚುಚ್ಚದ ಡಾಕ್ಟ್ರು ಅಂತ.

ಪೇಪರ್ ಕಳಿಸೋ ಹಿಂದಿನ ದಿನ ಕೊನೇ ಸಲ ಪರೀಕ್ಷೆ ಮಾಡಿದೆ. ಮೂವತ್ತೆರಡು ಚೆನ್ನಾಗಿಯೇ ಬಂತು. ಖುಷಿಯಲ್ಲಿ ರೈಲು ಹತ್ತಿದೆ. ಅಕ್ಕ ಮೂಗರಳಿಸಿ ನೋಡಿದರು.

"ಏಮ್ಮಾ, ಇವತ್ತು ವಾಸ್ನೇನೇ ಇಲ್ಲ. ರಜಾ ಹಾಕಿದ್ಯಾ?"

ನಗಬೇಕಿತ್ತು. ದುಪಟ್ಟಾ ಮೂಸಿದೆ, ಬರೀ ಸೋಪಿನ ವಾಸನೆ. ಸಿಲಿಂಡರ್ ಖಾಲಿಯಾಗಿದೆ, ನಾನು ಗಮನಿಸಿಲ್ಲ. ಹಾಗಾದರೆ ಇವತ್ತಿನ ಮೂವತ್ತೆರಡು ಎಲ್ಲಿಂದ ಬಂತು?

ವೈಟ್‌ಫೀಲ್ಡ್ ದಾಟೋ ಹೊತ್ತಿಗೆ ಹೊಳೀತು. ಹದಿನಾರು ತೂಕದ ಎರಡು ಆಮ್ಲಜನಕದ ಪರಮಾಣು ಸೇರಿದರೂ ಮೂವತ್ತೆರಡೇ. ಅದರ ಮತ್ತು ಗಂಧಕದ ನಡುವಿನ ಕೂದಲೆಳೆ ವ್ಯತ್ಯಾಸ ನಮ್ಮ ಹಳೇ ಯಂತ್ರಕ್ಕೆ ಗೊತ್ತಾಗಲ್ಲ. ಸಿಲಿಂಡರ್, ವಾಲ್ವ್ ನಡುವಿನ ಜೋಡಣೆ ಎಲ್ಲೋ ಸೋರುತ್ತಿದೆ. ವಾಲ್ವ್ ತೆರೆದಾಗಲೆಲ್ಲ ಗಾಳಿ ಒಳಗೆ ನುಗ್ಗಿದೆ. ವರ್ಷಗಟ್ಟಲೆ ನಾನು ತೂಗಿದ್ದು ಬೆಂಗಳೂರಿನ ಗಾಳೀನ. ಅಲ್ಲೇ ಕೂತು ಮೇಡಂಗೆ ಫೋನ್ ಮಾಡಿ ಹೇಳಿದೆ. "ನಾಳೆ ಬೇಗ ಬಾ" ಅಂದರು, ಅಷ್ಟೇ.

ಬೆಳಿಗ್ಗೆ ಹೊಸ ಜೋಡಣೆ ಬಿಗಿದು, ತುಂಬಿದ ಸಿಲಿಂಡರ್ ಹಾಕಿ, ಇಬ್ಬರೂ ವಾಲ್ವ್ ತೆರೆದೆವು. ಮೂವತ್ತೆರಡರ ಜಾಗ ಬೋಳು. ಸಂಜೆವರೆಗೂ ತೆರೆದು ಮುಚ್ಚಿ ನೋಡಿದೆವು, ಬೋಳು. ಮೇಡಂ ಪೇಪರ್ ಕಳಿಸಲಿಲ್ಲ.

ಆ ಸಂಜೆ ನಾನು ಯಾವತ್ತಿಗಿಂತ ಹೆಚ್ಚು ನಾರುತ್ತಿದ್ದೆ. ಅಕ್ಕ ಸೆರಗು ಎತ್ತಿದರು, ನನ್ನ ಮುಖ ನೋಡಿದರು. ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ಮೂಗಿಗೆ ಹಿಡಿದಿದ್ದ ಅದೇ ಸೆರಗಲ್ಲಿ ನನ್ನ ಕಣ್ಣು ಒರೆಸಿದರು.

"ವಾಸ್ನೆ ಬಂತಲ್ಲ ಕಣೇ, ಇನ್ಯಾಕೆ ಅಳ್ತೀಯ?"

"ಬಂತಕ್ಕ" ಅಂದೆ. ಬಾರದೇ ಹೋದದ್ದು ಮೂವತ್ತೆರಡು.