ನನ್ನ ಬಗ್ಗೆ ಬಂದ ಕಾರ್ಡು

ನನಗೆ ಜಂಬ ಜಾಸ್ತಿ ಎಂದು ಮನೆಯವರೆಲ್ಲ ಅನ್ನುತ್ತಾರೆ. ಅನ್ನಲಿ. ಒಂದು ಕಾರ್ಡು ಓದಿದ ಜಂಬವನ್ನು ಮಾತ್ರ ನಾನು ಬಿಡುವವನಲ್ಲ.

ಅರವತ್ತರ ದಶಕ. ಬರೋಡಾ ಹತ್ತಿರದ ಕೊಯಾಲಿಯಲ್ಲಿ ಆಗ ರಿಫೈನರಿ ಏಳುತ್ತಿತ್ತು. ಅಲ್ಲಿನ ಕ್ಯಾಂಟೀನಿಗೆ ಅಡಿಗೆಯವರು ಬೇಕಂತೆ ಎಂದು ಊರು ಬಿಟ್ಟು ಬಂದಿದ್ದೆ. ಅವರು ಕೊಟ್ಟ ಫಾರಂನಲ್ಲಿ, ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆಯಿತ್ತು. ಬರೆದದ್ದು ನಿಜವೋ ಸುಳ್ಳೋ ಎಂದು ಪೊಲೀಸರೇ ವಿಚಾರಿಸುತ್ತಾರಂತೆ. ಫಾರಂ ಮಡಚಿ ಜೇಬಿಗಿಟ್ಟೆ. ಬರೋಡಾ ರೈಲ್ವೆ ಸ್ಟೇಷನ್ ಎದುರಿನ ಉಡುಪಿ ಹೋಟೆಲಿಗೆ ಹೋಗಿ ಕೆಲಸ ಕೇಳಿದೆ.

ಅಲ್ಲಿಯೂ ವಿಚಾರಣೆ ತಪ್ಪಲಿಲ್ಲ. ಧಣಿಗಳು ನಮ್ಮ ಕಡೆಯವರೇ. ಹೊಸಬ ಬಂದರೆ ಊರಿನಲ್ಲಿದ್ದ ತಮ್ಮ ಅಕ್ಕನಿಗೆ, "ಜನ ಹೇಗೆ?" ಎಂದು ಕಾರ್ಡು ಹಾಕಿಸುತ್ತಿದ್ದರು. ಉತ್ತರ ಬರುವವರೆಗೆ ಕೆಲಸ ತಾತ್ಕಾಲಿಕ.

ಉತ್ತರ ಏನೆಂದು ನನಗೆ ಗೊತ್ತಿತ್ತು. ಮಂಗಳೂರಿನ ಹೋಟೆಲೊಂದರಲ್ಲಿದ್ದಾಗ ಅಲ್ಲಿನ ತಾಮ್ರದ ಹಂಡೆ ಮಾರಿ ಮೂರು ತಿಂಗಳು ಜೈಲಿನಲ್ಲಿದ್ದೆ. ದೋಸೆ ಹುಯ್ಯುತ್ತಿದ್ದರೂ ಕಿವಿಯೆಲ್ಲ ಪೋಸ್ಟ್‌ಮ್ಯಾನ್ ಸೈಕಲ್ಲಿನ ಗಂಟೆಯ ಮೇಲೆ.

ಕಾರ್ಡು ಬಂದದ್ದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ಧಣಿಗಳಿಗೆ ಓದು ಬಾರದು. ಕಾಗದಪತ್ರ ನೋಡುವ ರೈಟರು ಮದುವೆಗೆಂದು ಊರಿಗೆ ಹೋಗಿದ್ದರು. ಧಣಿಗಳು ಎಲ್ಲರೆದುರು ಕಾರ್ಡನ್ನು ನನ್ನ ಕೈಗೇ ಕೊಟ್ಟರು.

"ನೀನು ಶಾಲೆಗೆ ಹೋದವ ಅಲ್ವಾ ಮಾರಾಯ? ಓದು."

ಅಲ್ಲಿದ್ದವರಲ್ಲಿ ಬೇರೆ ಯಾರಿಗೂ ಅಕ್ಷರ ಬರುತ್ತಿರಲಿಲ್ಲ. "ಒಳ್ಳೆ ಜನ" ಎಂದುಬಿಟ್ಟಿದ್ದರೆ ಮುಗಿಯಿತು. ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇಷ್ಟು ದಿನ ಹೆದರಿ ಹೆದರಿ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು. ಗಟ್ಟಿಯಾಗಿ ಓದಿದೆ.

"ಹಂಡೆ ಕದ್ದು ಮೂರು ತಿಂಗಳು ಜೈಲಿನಲ್ಲಿದ್ದವ. ಇಟ್ಟುಕೊಳ್ಳಬೇಡ."

ಹಿಟ್ಟು ರುಬ್ಬುತ್ತಿದ್ದವನ ಕೈ ನಿಂತಿತು. ಧಣಿಗಳು ಎಲೆಯಡಿಕೆ ಉಗಿದು ಬಂದರು.

"ಹಾಗೇ ಬರೆದದ್ದಾ?"

"ಹಾಗೇ ಉಂಟು."

"ನಿಜವಾ?"

"ನಿಜ, ಧಣಿ."

ಅವರು ಡ್ರಾಯರಿನಿಂದ ಹೊಸ ಕಾರ್ಡು ತೆಗೆದು ನನ್ನ ಮುಂದಿಟ್ಟರು. ಗಂಟು ಕಟ್ಟುವುದೊಂದೇ ಬಾಕಿ ಎಂದುಕೊಂಡೆ.

"ಬರಿ. ಅಕ್ಕನಿಗೆ ನಮಸ್ಕಾರ. ಕಾರ್ಡು ಸಿಕ್ಕಿತು. ಅವನೇ ಓದಿ ಹೇಳಿದ."

ಬರೆದೆ.

"ನಮ್ಮಲ್ಲಿ ಎರಡು ಹಂಡೆ ಉಂಟು. ಇನ್ನು ಮೇಲೆ ಎರಡನ್ನೂ ಅವನೇ ನೋಡಿಕೊಳ್ತಾನೆ."

ಅಕ್ಷರವೆಲ್ಲ ಸೊಟ್ಟಗಾಯಿತು. ಆದರೆ ಒಂದು ಮಾತನ್ನೂ ಬಿಡದೆ ಬರೆದೆ.