ಹುಳದ ಮನೆಗೆ ಹಾಕಿದ ಲೈಟು

ಬಿಡದಿಯ ಕಾರ್ಖಾನೆಗಳ ಹಿಂದಿನ ಬೀದಿಯ ತಗಡಿನ ಶೆಡ್ಡಿನಲ್ಲಿ ನಮ್ಮ ಸೋಲಾರ್ ಕಂಪನಿ ಶುರುವಾದಾಗ ಇದ್ದದ್ದು ನಾಲ್ಕೇ ಜನ, ಓನರನ್ನೂ ಸೇರಿಸಿ. ಪ್ಯಾನೆಲ್ಲಿಗೆ ವೈರು ಬೆಸುಗೆ ಹಾಕುವವರೂ ಓನರೇ, ಟೀ ತರುವವರೂ ಅವರೇ, ಮಧ್ಯಾಹ್ನ ನನ್ನ ಡಬ್ಬಿಯ ಮುದ್ದೆಗೆ ಕೈ ಹಾಕುವವರೂ ಅವರೇ. ಬೈಕಿನಲ್ಲಿ ಇಬ್ಬರ ನಡುವೆ ಪ್ಯಾನೆಲ್ ನಿಲ್ಲಿಸಿಕೊಂಡು ಕೈಲಾಂಚದ ಕಡೆ ಹೊರಟರೆ "ಏನ್ಲಾ, ಕನ್ನಡಿ ಮಾರಕ್ಕೆ ಬಂದ್ರಾ?" ಎಂದು ಜನ ರೇಗಿಸುತ್ತಿದ್ದರು. ಲೈಟು ಹತ್ತಿದ ಮೇಲೆ ಅದೇ ಜನ ಊಟ ಹಾಕದೆ ಕಳಿಸುತ್ತಿರಲಿಲ್ಲ. ಆ ದಿನಗಳನ್ನು ನೆನೆದರೆ ಈಗಲೂ ಜೀವ ತಂಪಾಗುತ್ತದೆ.

ಕಂಪನಿ ಬೆಳೆಯಿತು. ಶೆಡ್ಡು ಹೋಗಿ ಎರಡು ಮಹಡಿ ಕಟ್ಟಡ ಬಂತು, ಬೈಕು ಹೋಗಿ ವ್ಯಾನು ಬಂತು. ನಮಗೆಲ್ಲ ನೀಲಿ ಅಂಗಿ, ಕೊರಳಿಗೆ ಫೋಟೊ ಇರುವ ಕಾರ್ಡು. ಓನರು ಗಾಜಿನ ರೂಮಿಗೆ ಹೋದರು. ಡಬ್ಬಿಯ ಮುದ್ದೆ ನನಗೊಬ್ಬನಿಗೇ ಉಳಿಯಿತು. ಹಾಗಂತ ನನಗೆ ಖುಷಿಯಿರಲಿಲ್ಲ ಎಂದರೆ ಸುಳ್ಳಾದೀತು. ನನ್ನನ್ನು ಟೀಮ್ ಲೀಡರ್ ಮಾಡಿದ ದಿನ ನಮ್ಮವ್ವ ಬೀದಿಗೆಲ್ಲ ಸುದ್ದಿ ಹಂಚಿ ಬಂದಿದ್ದಳು. ಲೀಡರ್ ಅಂದಮೇಲೆ ಹೊಸ ಕಿಟ್ ಬ್ಯಾಗು ಬೇರೆ: ಕೈಗವಸು, ಹೆಲ್ಮೆಟ್ಟು, ಸೂರಿನ ಮೇಲೆ ಕಡಜ ಎದ್ದರೆ ಹೊಡೆಯಲು ಒಂದು ವಿಷದ ಸ್ಪ್ರೇ. ಆ ಪಟ್ಟಿ ಬರೆದ ಪುಣ್ಯಾತ್ಮ ಯಾರೋ, ನಮ್ಮ ರೇಷ್ಮೆ ಸೀಮೆಯಲ್ಲಿ ಕೂತು ಬರೆದವನಂತೂ ಅಲ್ಲ.

ಅದೇ ವಾರ ಕೈಲಾಂಚದ ಹತ್ತಿರದ ಹಳ್ಳಿಯಲ್ಲಿ ಒಂದು ಹುಳದ ಮನೆಗೆ ಲೈಟು ಹಾಕುವ ಕೆಲಸ ಬಂತು. ರೇಷ್ಮೆ ಹುಳ ಸಾಕುವ ಆ ಉದ್ದನೆಯ ಹೆಂಚಿನ ಕೋಣೆಯನ್ನು ಅತ್ತೆ, ಸೊಸೆ ಇಬ್ಬರೇ ನೋಡಿಕೊಳ್ಳುತ್ತಿದ್ದರು. ಹುಳಗಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಬಕಾಸುರನಂತೆ ಸೊಪ್ಪು ಮೇಯುವ ಕಾಲ. ಇನ್ನೈದು ದಿನಕ್ಕೆ ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರು ತಟ್ಟಿಗೆ ಬಿಡಬೇಕು. "ಕಾಲು ತೊಳ್ಕೊಂಡು ಒಳಕ್ ಬಾಪ್ಪಾ" ಎಂದು ಅತ್ತೆ ಬಾಗಿಲಲ್ಲೇ ಸುಣ್ಣದ ನೀರು ಇಟ್ಟಿದ್ದರು. ತೊಳೆದೆ. ಒಳಗೆ ವೈರು ಎಳೆದು ಮುಗಿಸಿ, ಪ್ಯಾನೆಲ್ ಕೂರಿಸಲು ಸೂರು ಹತ್ತಿದೆ. ಹೆಂಚಿನ ಸಂದಿಯಿಂದ ಕಡಜಗಳು ಎದ್ದು ಮುಖಕ್ಕೇ ಬಂದವು. ಕೈ ತಾನಾಗಿ ಬ್ಯಾಗಿಗೆ ಹೋಯಿತು, ಬುಸ್ಸೆಂದು ಹೊಡೆದುಬಿಟ್ಟೆ.

ವಾಸನೆ ಮೂಗಿಗೆ ಬಡಿದಾಗ, ಹೆಂಚಿನ ಕೆಳಗೇ ಹುಳಗಳಿವೆ ಎಂಬುದು ನೆನಪಾಯಿತು. ನಾನೂ ಹುಳ ಸಾಕುವ ಮನೆಯಲ್ಲೇ ಬೆಳೆದವನು. ಹುಳ ಇದ್ದಷ್ಟು ದಿನ ನಮ್ಮವ್ವ ಸೊಳ್ಳೆಬತ್ತಿ ಹಚ್ಚಲೂ ಬಿಡುತ್ತಿರಲಿಲ್ಲ. ದಡಬಡ ಇಳಿದು ಕಿಟಕಿಯಲ್ಲಿ ಇಣುಕಿದೆ. ಹುಳಗಳು ಮೇಯುತ್ತಲೇ ಇದ್ದವು. ಏನೂ ಆಗಿಲ್ಲ ಬಿಡು ಎಂದುಕೊಂಡೆ. ಲೀಡರ್ ಆಗಿ ಇನ್ನೂ ಮೂರು ದಿನ. ಹೇಳಿದರೆ ಕೆಲಸಕ್ಕೇ ಸಂಚಕಾರ. ಲೈಟು ಹಚ್ಚಿ ತೋರಿಸಿ, ಅತ್ತೆ ಕೊಟ್ಟ ಮಜ್ಜಿಗೆಯನ್ನೂ ಕುಡಿದು, ವ್ಯಾನು ಹತ್ತಿದೆ. ಥೂ, ಆ ಮಜ್ಜಿಗೆ ನನ್ನ ಗಂಟಲಲ್ಲಿ ಹೇಗಾದರೂ ಇಳಿಯಿತೋ!

ಮರುದಿನ ಬೆಳಿಗ್ಗೆ ಫಾರಮ್ಮಿಗೆ ಸಹಿ ಹಾಕಿಸಲು ಹೋದರೆ ಹುಳದ ತಟ್ಟೆಗಳನ್ನೆಲ್ಲ ತಂದು ಅಂಗಳದಲ್ಲಿ ಮಗುಚಿದ್ದರು. ಹುಳಗಳು ಹಸಿರು ಕಕ್ಕಿಕೊಂಡು, ಸುರುಟಿಕೊಂಡು ಸತ್ತಿದ್ದವು. ಅತ್ತೆ ಸೊಸೆಯನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದರು.

"ಔಸ್ದಿ ಹೊಡ್ದಿರೋ ಹೊಲದ ಪಕ್ಕದ ಸೊಪ್ಪು ತಂದ್ ಹಾಕ್ಬುಟ್ಲು, ಮನೆಹಾಳಿ! ಬೆಳೆಯೆಲ್ಲ ಮಣ್ಣುಪಾಲಾಯ್ತು!"

"ಇಲ್ಲ ಕಣತ್ತೆ, ನಮ್ ತೋಟದ್ದೇ ಸೊಪ್ಪು, ನಿಮ್ಮಾಣೆ" ಎಂದು ಸೊಸೆ ಅಳುತ್ತಿದ್ದಳು.

ನನ್ನಿಂದ ತಡೆಯಲಾಗಲಿಲ್ಲ. "ಸೊಪ್ಪಿಂದಲ್ಲ ಕಣವ್ವಾ, ನನ್ನಿಂದ. ನಿನ್ನೆ ಸೂರಿನ ಮೇಲೆ ಕಡಜಕ್ಕೆ ಔಸ್ದಿ ಹೊಡ್ದೆ" ಎಂದೆ.

ಅತ್ತೆ ಇದ್ದಲ್ಲೇ ಕುಸಿದು ಕೂತರು. ಬಾಯಿಗೆ ಬಂದಂತೆ ಬೈಯಲಿ, ಪೊರಕೆಯಲ್ಲಿ ಹೊಡೆಯಲಿ ಎಂದು ತಲೆ ಬಗ್ಗಿಸಿ ನಿಂತೆ. ನಿಜ ಹೇಳಿದೆನಲ್ಲ ಎಂದು ಒಳಗೊಳಗೇ ಒಂದಿಷ್ಟು ಹಗುರವೂ ಆಗಿತ್ತು. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದಳು. ದನಿ ಏರಿಸಲಿಲ್ಲ.

"ಹೊಡ್ದಾಗ್ಲೇ ಒಂದ್ ಮಾತು ಹೇಳಕ್ಕೇನಾಗಿತ್ತಣ್ಣಾ? ತಟ್ಟೆಗಳ್ನ ಪಡಸಾಲೆಗೆ ಸಾಗಿಸಿ, ಅರ್ಧ ಹುಳನಾದ್ರೂ ಉಳಿಸ್ಕೋತಿದ್ದೆ."