ಎಮಿಲ್ ಹುದಾಕರ ವ್ಯಾಗನ್ನಿನ ಬ್ರೇಕು

ನನ್ನ ಮಾವ ಎಮಿಲ್ ಹುದಾಕ್ ಅಮೆರಿಕದ ಆಲ್ಟೂನಾದ ರೈಲ್ವೆ ಯಾರ್ಡಿನಲ್ಲಿ ಮೂವತ್ತೊಂದು ವರ್ಷ ಗೂಡ್ಸ್ ವ್ಯಾಗನ್‌ಗಳ ಹೊಟ್ಟೆಯಡಿ ತೂರಿ ತಪ್ಪು ಹುಡುಕಿದವರು. ನಿವೃತ್ತರಾದ ಮೇಲೆ ಹುಡುಕಲು ಸಿಕ್ಕಿದವಳು ನಾನು. ಹಾಲಿನ ಬಾಟಲಿ ಸರಿಯಾಗಿ ತೊಳೆದಿಲ್ಲ, ಮಗುವಿನ ಗಾಡಿಯ ಚಕ್ರ ವಾಲುತ್ತದೆ. ತಾವು ಮಾತ್ರ ಅಡುಗೆಮನೆಯಲ್ಲಿ ಅಂಗೈಯುದ್ದದ ವ್ಯಾಗನ್ ಕಟ್ಟುತ್ತ ಸಾಸಿವೆಗಿಂತ ಸಣ್ಣ ಮೊಳೆ ಉದುರಿಸುತ್ತಿದ್ದರು. ನನ್ನ ಟೆಸ್ಸಾಗೆ ಹದಿನಾಲ್ಕು ತಿಂಗಳು, ಸಿಕ್ಕಿದ್ದೆಲ್ಲ ಬಾಯಿಗೆ. ದಿನಕ್ಕೆ ಹತ್ತು ಸಲ ಅವಳ ಬಾಯಲ್ಲಿ ಬೆರಳಾಡಿಸುವುದೇ ನನ್ನ ಕೆಲಸ. ಮಂಗಳವಾರ ಅವರನ್ನು ಚರ್ಚಿನ ನೆಲಮಾಳಿಗೆಯ ಮಾದರಿ ರೈಲು ಸಂಘಕ್ಕೆ ಬಿಟ್ಟರೆ ಮೂರು ಗಂಟೆ ಉಸಿರಾಡುತ್ತಿದ್ದೆ.

ಆ ಮಂಗಳವಾರ ಕರೆದುಕೊಂಡು ಬರಲು ಹೋದಾಗ ಅವರ ಹೊಸ ವ್ಯಾಗನ್ ಮಗುಚಿ ಬಿದ್ದಿತ್ತು. ಏಳು ತಿಂಗಳ ಕೆಲಸ. ಅಡಿಯಲ್ಲಿ ಬ್ರೇಕಿನ ಸರಳು, ಸನ್ನೆಕೋಲು, ಸರಪಳಿ ಎಲ್ಲವೂ ಅಸಲಿನ ಅಳತೆಯಂತೆ. ಆದರೆ ಸಂಘದ ತಿರುವುಗಳು ಕೋಣೆಗೆ ತಕ್ಕಷ್ಟು ಬಿಗಿ. ಅಸಲಿ ರೈಲು ಅಷ್ಟು ಬಿಗಿಯಾಗಿ ತಿರುಗುವುದಿಲ್ಲ. ಚಕ್ರಗಳು ಹೊರಳಲು ಹೋದಾಗ ಸರಳು ಅಡ್ಡಬಂದು ವ್ಯಾಗನ್ ಹಳಿ ತಪ್ಪಿತ್ತು.

ಅಧ್ಯಕ್ಷ ರಾಯ್ಸ್ ಬ್ರೆನೆಮನ್ ಅದಕ್ಕೆ ಕೆಂಪು ಚೀಟಿ ಅಂಟಿಸಿದ. ಚೀಟಿ ಬಿದ್ದ ವ್ಯಾಗನ್ ರಿಪೇರಿಯಾಗದೆ ಅಲುಗುವಂತಿಲ್ಲ. ಯಾವ ಸದಸ್ಯನೂ ಯಾರ ವ್ಯಾಗನ್ನಿಗಾದರೂ ಅಂಟಿಸಬಹುದು; ಅಂಟಿಸಿದವನೇ ಕೀಳಬೇಕು. ಯಾರ್ಡಿನಿಂದ ಬಂದ ಪದ್ಧತಿ.

"ಆ ಎರಡು ಸರಳು ಕತ್ತರ್ಸು, ಎಮಿಲ್. ಶನಿವಾರ ಪ್ರದರ್ಶನಕ್ಕೆ ಜನ ಬರ್ತಾರೆ. ಹೊಟ್ಟೆ ಕೆಳಗೆ ಮಲಗಿ ಯಾರಯ್ಯ ನೋಡ್ತಾರೆ?"

"ಬ್ರೇಕ್ ಇಲ್ದೆ ಗಾಡಿ ಬಿಡು ಅಂತೀಯಾ? ನನ್ ಹತ್ರ?"

"ಒಂದು ಮಾರು ದೂರದಿಂದ ಚೆನ್ನಾಗಿ ಕಂಡ್ರೆ ಸಾಕು."

"ನಿನ್ನ ಮುಖಾನೂ ಅಷ್ಟೇ. ಮಾರು ದೂರ ಇದ್ರೆ ತಡ್ಕೋಬಹುದು."

ಕಾಫಿ ಹಿಡಿದಿದ್ದವರು ನಕ್ಕರು. ರಾಯ್ಸ್ ನಗಲಿಲ್ಲ. "ಸರಳು ಹೋಗ್ಬೇಕು, ಇಲ್ಲ ವ್ಯಾಗನ್ ಹೋಗ್ಬೇಕು."

ಮಾವ ಚೀಟಿಯ ಕಟ್ಟು ತೆಗೆದುಕೊಂಡರು. ಟಾರ್ಚ್ ಹಾಕಿ ರಾಯ್ಸನ ವ್ಯಾಗನ್‌ಗಳನ್ನು ಒಂದೊಂದಾಗಿ ಮಗುಚಿದರು. ನಲವತ್ತಾರರಲ್ಲಿ ಒಂದಕ್ಕೂ ಬ್ರೇಕಿಲ್ಲ. 'ಬ್ರೇಕಿಲ್ಲ' ಎಂದು ಬರೆದು ಎಲ್ಲಕ್ಕೂ ಅಂಟಿಸಿದರು. ಈಗ ಯಾರೂ ನಗಲಿಲ್ಲ. ಶನಿವಾರದ ಓಟಕ್ಕಿದ್ದವೆಲ್ಲ ರಾಯ್ಸನವೇ; ನಿಯಮದ ಪ್ರಕಾರ ಅಂದು ಏನೂ ಓಡುವಂತಿರಲಿಲ್ಲ.

"ಕಿತ್ತಾಕು," ಎಂದ ರಾಯ್ಸ್, ಕಿವಿ ಕೆಂಪಾಗಿ.

"ರಿಪೇರಿ ಮಾಡು, ಕೀಳ್ತೀನಿ."

ರಾಯ್ಸ್ ಮೇಜಿನ ಮೇಲೆ ಕಟಿಂಗ್ ಪ್ಲೇಯರ್ ಕುಕ್ಕಿದ. "ಸರಳು ಕತ್ತರ್ಸಿ ಇಲ್ಲೇ ಇರು. ಇಲ್ಲಾಂದ್ರೆ ಸಂಘದ ಬೀಗದ ಕೈ ಇಟ್ಟು ನಡಿ. ಏನಂತೀರ್ರಪ್ಪಾ?" ಹನ್ನೊಂದು ಕೈ ಎದ್ದವು.

ಮಂಗಳವಾರಗಳು ಕೈತಪ್ಪುವುದು ನನಗೆ ಕಂಡಿತು. "ಕತ್ತರಿಸ್ಬಿಡಿ ಮಾವಾ. ಎರಡು ತಂತಿ ತಾನೆ," ಎಂದೆ.

ಕೊಳೆ ಬಾಟಲಿ ನೋಡುವಂತೆ ನನ್ನನ್ನು ನೋಡಿದರು. "ನೀನೂ ಅವರ ಪೈಕೀನಾ?" ಪ್ಲೇಯರ್ ಎತ್ತಿ ಸರಳಿಗೆ ಕಚ್ಚಿಸಿದರು. ಒತ್ತಲಿಲ್ಲ. ಕೆಳಗಿಟ್ಟರು. ವ್ಯಾಗನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಪ್ಲೇಯರ್ ಪಕ್ಕದಲ್ಲಿ ಬೀಗದ ಕೈ ಇಟ್ಟು ಮೆಟ್ಟಿಲೇರಿದರು.

ಮರುದಿನವೇ ನಮ್ಮ ಹಜಾರದಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಲಗೆ ಬಂತು. ಅದರ ಮೇಲೆ ಹಳಿ, ನೇರ, ಒಂದೂ ತಿರುವಿಲ್ಲ. ಮಗುವನ್ನೆತ್ತಿಕೊಂಡು ನಾನು ಅದನ್ನು ದಾಟಬೇಕು. "ಕಾಲೆತ್ತಿ ಇಡಮ್ಮ," ಎನ್ನುತ್ತಾರೆ, ತಲೆಯೆತ್ತದೆ.

ಭಾನುವಾರ ರಾಯ್ಸ್ ಫೋನ್ ಮಾಡಿದ. ಚೀಟಿ ಹಾಗೇ ಇವೆ, ಶನಿವಾರ ಏನೂ ಓಡಲಿಲ್ಲ, ಮಾವ ವಾಪಸ್ ಬರಬೇಕಂತೆ.

"ತಿರುವು ಅಗಲ ಮಾಡಿದ್ರಾ, ಕೇಳು," ಎಂದರು ಮಾವ.

ಕೇಳಿದೆ. "ಇಲ್ವಂತೆ."

"ಹಾಗಾದ್ರೆ ಫೋನ್ ಇಡು."

ಹಲ್ಲು ಕಚ್ಚಿಕೊಂಡು ಇಟ್ಟೆ.